ಶಂಕರ್ ನಾಗ್: ಮುಂಬಯಿ ರಂಗಮಂಚದಿಂದ ಕನ್ನಡಕ್ಕೆ ಬಂದ ನಟ

ಕನ್ನಡದ ನಟ, ನಿರ್ದೇಶಕ, ರಂಗಕರ್ಮಿ ಶಂಕರ್ ನಾಗ್ ಅವರು ಜನಿಸಿದ್ದು 1954ರ ನವೆಂಬರ್ 9ರಂದು. ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಮೂವತ್ತಾರು ವರ್ಷ ತುಂಬಲು ಇನ್ನೂ ನಲವತ್ತು ದಿನಗಳಿದ್ದವು. ಚಿತ್ರರಂಗದಲ್ಲಿ ಅವರು ಇದ್ದದ್ದು ಹನ್ನೆರಡೇ ವರ್ಷ. ಆ ಅವಧಿಯಲ್ಲಿ ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು, ಹಲವು ಚಿತ್ರಗಳನ್ನು ನಿರ್ದೇಶಿಸಿದರು, ಭಾರತದ ಮನೆಮನೆಯನ್ನು ತಲುಪಿದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ರೂಪಿಸಿದರು, ಇದೆಲ್ಲದರ ನಡುವೆ ನಾಟಕವನ್ನು ಒಂದು ದಿನವೂ ಬಿಡಲಿಲ್ಲ. ಇಂದಿಗೂ ಕರ್ನಾಟಕದ ಯಾವ ಊರಿಗೆ ಹೋದರೂ ಆಟೊರಿಕ್ಷಾದ ಹಿಂಬದಿಯಲ್ಲಿ ಅವರ ಭಾವಚಿತ್ರ ಕಾಣಸಿಗುತ್ತದೆ.

ಅವರ ಕುರಿತು ಕರ್ನಾಟಕದಲ್ಲಿ ಸಾಕಷ್ಟು ಬರೆಯಲಾಗಿದೆ. ಅಣ್ಣ ಅನಂತ್ ನಾಗ್ ಅವರೇ 'ನನ್ನ ತಮ್ಮ ಶಂಕರ' ಎಂಬ ಕೃತಿಯನ್ನು ರಚಿಸಿದ್ದಾರೆ. ಹಾಗಿರುವಾಗ ಬೇಲಾಪುರದಲ್ಲಿ ಕುಳಿತು ನಾವು ಬರೆಯುವುದೇನಿದೆ ಎಂದು ಓದುಗರು ಕೇಳಬಹುದು. ನಮ್ಮ ಉತ್ತರ ಇಷ್ಟೇ: ಶಂಕರ್ ನಾಗ್ ನಟರಾದದ್ದು ಬೆಂಗಳೂರಿನಲ್ಲಲ್ಲ, ಮುಂಬಯಿಯಲ್ಲಿ. ಮುಂಬಯಿ, ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ನಾವು ಅವರನ್ನು ಆಟೊ ರಾಜನೆಂದೋ ಸಾಂಗ್ಲಿಯಾನನೆಂದೋ ನೆನೆಯುತ್ತೇವೆಯೇ ಹೊರತು, ಈ ನಗರದ ಮರಾಠಿ ರಂಗಭೂಮಿ ತಿದ್ದಿ ತೀಡಿ ಕನ್ನಡಕ್ಕೆ ಕಳುಹಿಸಿಕೊಟ್ಟ ತರುಣನೆಂದು ನೆನೆಯುವುದು ಕಡಿಮೆ. ನಮ್ಮ ಮಕ್ಕಳ ಪರಿಸ್ಥಿತಿ ಇನ್ನೂ ಒಂದು ಹೆಜ್ಜೆ ಮುಂದಿದೆ. 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಹಿಂದಿಯಲ್ಲಿ ನೋಡಿ ಬೆಳೆದ ಅವರಲ್ಲಿ ಅನೇಕರಿಗೆ ಅದರ ನಿರ್ದೇಶಕ ಒಬ್ಬ ಕನ್ನಡಿಗನೆಂಬುದೇ ತಿಳಿದಿಲ್ಲ.

ಹುಟ್ಟೂರು ಮತ್ತು ಮುಂಬಯಿ

ಶಂಕರ್ ಅವರ ಪೂರ್ಣ ಹೆಸರು ಶಂಕರ ನಾಗರಕಟ್ಟೆ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ಜನ್ಮಸ್ಥಳ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲೂಕಿನ ಮಲ್ಲಾಪುರ. ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. 1954ರಲ್ಲಿ ಉತ್ತರ ಕನ್ನಡ ಇನ್ನೂ ಮುಂಬಯಿ ರಾಜ್ಯದ ಜಿಲ್ಲೆಯಾಗಿತ್ತು; 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯ ಬಳಿಕವೇ ಅದು ಮೈಸೂರು ರಾಜ್ಯಕ್ಕೆ ಸೇರಿತು. ಕರಾವಳಿಯ ಆ ಭಾಗದವರಿಗೆ ಅಂದು ವಿದ್ಯೆಗೂ ಉದ್ಯೋಗಕ್ಕೂ ಬೆಂಗಳೂರಿಗಿಂತ ಮುಂಬಯಿಯೇ ಹತ್ತಿರ. ನಾಗರಕಟ್ಟೆಯವರದು ಕೊಂಕಣಿ ಮಾತನಾಡುವ ಚಿತ್ರಾಪುರ ಸಾರಸ್ವತ ಮನೆತನ. ಶಿರಾಲಿಯ ಮಠ, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮುಂದೆ ಮುಂಬಯಿಯಲ್ಲಿ ಮರಾಠಿ: ಈ ಕ್ರಮ ನಮ್ಮ ಓದುಗರಲ್ಲಿ ಹಲವರಿಗೆ ತಮ್ಮ ಮನೆಯದೇ ಕತೆ ಎನಿಸಬಹುದು.

ಆರು ವರ್ಷ ಹಿರಿಯರಾದ ಅಣ್ಣ ಅನಂತ್ ನಾಗ್ ಮೊದಲೇ ಮುಂಬಯಿಗೆ ಬಂದು ಕೊಂಕಣಿ, ಕನ್ನಡ, ಮರಾಠಿ ನಾಟಕಗಳಲ್ಲಿ ಅಭಿನಯಿಸುತ್ತಿದ್ದರು. ಸತ್ಯದೇವ ದುಬೆಯವರಂಥ ನಿರ್ದೇಶಕರ ಸಂಪರ್ಕವೂ ಅವರಿಗೆ ಒದಗಿತ್ತು. 1974ರಲ್ಲಿ ಶ್ಯಾಮ್ ಬೆನೆಗಲ್ ಅವರ 'ಅಂಕುರ್' ತೆರೆಕಂಡಾಗ ಅನಂತ್ ದೇಶದ ಗಮನ ಸೆಳೆದರು. ತಮ್ಮನೂ ವಿದ್ಯಾಭ್ಯಾಸ ಮುಗಿಸಿ ಇದೇ ನಗರಕ್ಕೆ ಬಂದು, ಅಣ್ಣನ ಹಾದಿಯಲ್ಲೇ ಮರಾಠಿ ನಾಟಕಗಳತ್ತ ಆಕರ್ಷಿತರಾದರು.

ಎಪ್ಪತ್ತರ ದಶಕದ ಮುಂಬಯಿ ರಂಗಭೂಮಿಯ ಬಗೆಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ದಾದರಿನ ಛಬಿಲದಾಸ ಶಾಲೆಯ ಸಭಾಂಗಣದಲ್ಲಿ ಮರಾಠಿಯ ಪ್ರಾಯೋಗಿಕ ನಾಟಕಗಳು ಬೇರೂರಿದ ಕಾಲವದು. ಶಾಲೆ ಬಿಟ್ಟ ಮೇಲೆ ಅದೇ ಕೊಠಡಿ ರಂಗಮಂದಿರವಾಗುತ್ತಿತ್ತು. ಇನ್ನೊಂದೆಡೆ ಶಿವಾಜಿ ಮಂದಿರದಂಥ ವೃತ್ತಿಪರ ರಂಗಗೃಹಗಳಲ್ಲಿ ಮಧ್ಯಮ ವರ್ಗದ ಕುಟುಂಬಗಳು ಟಿಕೆಟು ಕೊಂಡು ನಾಟಕ ನೋಡುತ್ತಿದ್ದವು. ನಟರಲ್ಲಿ ಬಹುಮಂದಿ ಹಗಲಿಡೀ ಬ್ಯಾಂಕು, ವಿಮಾ ಕಚೇರಿ, ಗೋದಿ, ಗಿರಣಿಗಳಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವವರು. ಮುಗಿಸಿ ಕೊನೆಯ ಲೋಕಲ್ ಹಿಡಿಯುವವರು. ಮೂರನೆಯ ಗಂಟೆ ಬಾರಿಸಿತೆಂದರೆ ತೆರೆ ಸರಿಯಲೇಬೇಕು. ಮುಖ್ಯ ಅತಿಥಿ ಬಂದಿಲ್ಲವೆಂದು ಅರ್ಧ ತಾಸು ಕಾಯುವ ಪದ್ಧತಿ ಅಲ್ಲಿ ನಡೆಯದು. (ನಮ್ಮ ಸಂಘಗಳ ಕಾರ್ಯಕ್ರಮಗಳಿಗೆ ಬರುವ ಓದುಗರು ಈ ಮಾತನ್ನು ಓದಿ ನಕ್ಕರೆ ನಮ್ಮ ಆಕ್ಷೇಪವಿಲ್ಲ.) ನಾಟಕವೆಂದರೆ ಗಂಭೀರವೂ ಆಗಿರಬಹುದು, ಜನರು ದುಡ್ಡು ಕೊಟ್ಟು ನೋಡುವಂಥದೂ ಆಗಿರಬಹುದು, ಅದನ್ನು ಹೊತ್ತಿಗೆ ಸರಿಯಾಗಿ ಆಡಬೇಕು ಎಂಬ ಮೂರು ಪಾಠಗಳನ್ನು ಶಂಕರ್ ನಾಗ್ ಈ ವಾತಾವರಣದಿಂದಲೇ ಕಟ್ಟಿಕೊಂಡು ಹೋದರೆಂದು ನಾವು ಭಾವಿಸುತ್ತೇವೆ. ಅವರ ಮುಂದಿನ ಕೆಲಸದಲ್ಲೆಲ್ಲ ಈ ಮೂರೂ ಕಾಣುತ್ತವೆ.

ಬಾಳಸಂಗಾತಿಯೂ ದೊರೆತದ್ದು ಇದೇ ರಂಗಭೂಮಿಯಲ್ಲಿ. ದಿಲ್ಲಿಯಲ್ಲಿ ಜನಿಸಿ, ಬಾಲ್ಯದಲ್ಲೇ ಮುಂಬಯಿಗೆ ಬಂದ ಅರುಂಧತಿ ರಾವ್ ಅವರು ಮರಾಠಿ, ಗುಜರಾತಿ, ಹಿಂದಿ ನಾಟಕಗಳಲ್ಲಿ ಅಭಿನಯಿಸುತ್ತಿದ್ದ ಕಲಾವಿದೆ. ಹದಿಹರೆಯದ ಪರಿಚಯ ಕೆಲವು ವರ್ಷಗಳ ಬಳಿಕ ವಿವಾಹದಲ್ಲಿ ನೆಲೆಗೊಂಡಿತು.

ಮುಂಬಯಿಯ ದಿನಗಳ ಋಣವನ್ನು ತೋರುವ ಇನ್ನೊಂದು ಕೃತಿ '22 ಜೂನ್ 1897' ಎಂಬ ಮರಾಠಿ ಚಿತ್ರ. ಪ್ಲೇಗಿನ ಹೆಸರಿನಲ್ಲಿ ಪುಣೆಯಲ್ಲಿ ನಡೆದ ಅತಿರೇಕಗಳಿಂದ ಕ್ರುದ್ಧರಾಗಿ ಬ್ರಿಟಿಷ್ ಅಧಿಕಾರಿ ರ‍್ಯಾಂಡ್‌ನನ್ನು ಕೊಂದ ಚಾಫೇಕರ ಸಹೋದರರ ಕಥನವಿದು. ನಚಿಕೇತ ಮತ್ತು ಜಯೂ ಪಟವರ್ಧನ ದಂಪತಿಗಳು ನಿರ್ದೇಶಿಸಿದ, 1979ರಲ್ಲಿ ಹೊರಬಂದ ಈ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಲಭಿಸಿತು. ಅದರ ಬರವಣಿಗೆಯಲ್ಲಿ ಕೈಜೋಡಿಸಿದವರು ಇಪ್ಪತ್ತೈದರ ಒಳಗಿನ ಶಂಕರ್ ನಾಗ್. ಮಹಾರಾಷ್ಟ್ರದ ಇತಿಹಾಸದ ಒಂದು ಮುಖ್ಯ ಪ್ರಸಂಗವನ್ನು ಮರಾಠಿಗರು ಚಿತ್ರವಾಗಿಸುವಾಗ ಹೊನ್ನಾವರದ ತರುಣನೊಬ್ಬ ಲೇಖಣಿ ಹಿಡಿದನೆಂಬುದು ನಮಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಗಂಡುಗಲಿ

ಕನ್ನಡಕ್ಕೆ ಅವರನ್ನು ಕರೆತಂದದ್ದು ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978). ಜಪಾನಿನ ಅಕಿರ ಕುರೊಸಾವಾ ಅವರ ಸಮುರಾಯ್ ಚಿತ್ರಗಳಿಂದ ಪ್ರೇರಿತರಾಗಿ, ಮಲೆನಾಡಿನ ಹಸಿರು ಕಣಿವೆಗಳಂಥ ಹಿನ್ನೆಲೆಯಲ್ಲಿ ಕಾರ್ನಾಡರು ಕಟ್ಟಿದ ಕತೆಯಿದು. ಪರಸ್ಪರ ದ್ವೇಷಿಸುವ ಸಣ್ಣ ಪಾಳೆಯಗಾರರು, ಅವರ ಬಳಿ ಕೂಲಿಗೆ ಕಾದುವ ವೀರರು. ಕೊನೆಗೆ ಒಡೆಯರಿಗಿಂತ ಕೂಲಿಯ ವೀರರಲ್ಲೇ ಮಾನವೆಂಬುದು ಉಳಿದಿರುತ್ತದೆ. ಗಂಡುಗಲಿಯ ಪಾತ್ರದಲ್ಲಿ ಶಂಕರ್ ನಾಗ್, ಎದುರಾಳಿ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸು. ಭಾಸ್ಕರ ಚಂದಾವರಕರರ ಸಂಗೀತ, ಎ. ಕೆ. ಬೀರ್ ಅವರ ಛಾಯಾಗ್ರಹಣ.

ಈ ಚಿತ್ರವನ್ನು ಇತ್ತೀಚೆಗೆ ಮತ್ತೊಮ್ಮೆ ನೋಡಿದೆವು. ಯುದ್ಧದ ದೃಶ್ಯಗಳಿಗಿಂತ ಮಾತಿಲ್ಲದ ದೃಶ್ಯಗಳು ನಮ್ಮನ್ನು ಹಿಡಿದು ನಿಲ್ಲಿಸಿದವು. ಭುಜವನ್ನು ತುಸು ಮುಂದಕ್ಕೆ ಬಾಗಿಸಿ ನಡೆಯುವ ಆ ನಡಿಗೆ, ಒಂದು ಬಗೆಯ ಒರಟು ದನಿ, ಎದುರಿನವನನ್ನು ಅಳೆಯುವ ನೋಟ ಇವು ಮುಂದೆ ಅವರ ಎಲ್ಲ ಚಿತ್ರಗಳಲ್ಲೂ ಕಂಡವು. ಆದರೆ ಇಲ್ಲಿ ಪಾತ್ರದ ಒಳಗಿನಿಂದ ಬಂದಂತೆ ಮತ್ತೆಲ್ಲೂ ಬರಲಿಲ್ಲ. 1979ರ ಜನವರಿಯಲ್ಲಿ ಹೊಸದಿಲ್ಲಿಯಲ್ಲಿ ಜರುಗಿದ ಭಾರತದ ಏಳನೆಯ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನಿಗೆ ಸಲ್ಲುವ ರಜತ ಮಯೂರ ಪ್ರಶಸ್ತಿ ಅವರ ಪಾಲಿಗೆ ಬಂತು. ಮೊದಲ ಚಿತ್ರ, ವಯಸ್ಸು ಇಪ್ಪತ್ತನಾಲ್ಕು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಈ ಚಿತ್ರಕ್ಕೆ ಸಂದಿತು.

ಆಟೊ ರಾಜ ಮತ್ತು ಉಳಿದವು

ಇಂಥ ಆರಂಭ ಪಡೆದ ನಟ ಕಲಾತ್ಮಕ ಚಿತ್ರಗಳಿಗಷ್ಟೇ ಸೀಮಿತನಾಗಬಹುದೆಂದು ಅಂದು ಅನೇಕರು ಎಣಿಸಿದ್ದಿರಬೇಕು. ಶಂಕರ್ ನಾಗ್ ಹಾಗೆ ಮಾಡಲಿಲ್ಲ. 1979ರಲ್ಲಿ ವಿ. ಸೋಮಶೇಖರ್ ಅವರ 'ಸೀತಾರಾಮು' ಚಿತ್ರದೊಂದಿಗೆ ಜನಪ್ರಿಯ ಧಾರೆಗೆ ಇಳಿದರು. 1980ರ 'ಆಟೊ ರಾಜ' ಅವರನ್ನು ಬೀದಿ ಬೀದಿಯ ನಾಯಕನನ್ನಾಗಿಸಿತು. ಖಾಕಿ ಅಂಗಿ ತೊಟ್ಟು, ನಿಯತ್ತಿನಿಂದ ದುಡಿಯುವ ಚಾಲಕನ ಪಾತ್ರ ಕರ್ನಾಟಕದ ಆಟೊ ಚಾಲಕರಿಗೆ ತಮ್ಮ ಮುಖವನ್ನೇ ತೋರಿದಂತಾಯಿತು. ನಂತರದ ಹೊಡೆದಾಟದ ಚಿತ್ರಗಳು ಅವರಿಗೆ 'ಕರಾಟೆ ಕಿಂಗ್' ಎಂಬ ಬಿರುದನ್ನೂ ತಂದವು. ಆ ದಶಕದ ಕೊನೆಗೆ ಪಿ. ನಂಜುಂಡಪ್ಪ ನಿರ್ದೇಶನದ 'ಸಾಂಗ್ಲಿಯಾನ' (1988), 'ಸಿಬಿಐ ಶಂಕರ್' (1989), 'ಎಸ್. ಪಿ. ಸಾಂಗ್ಲಿಯಾನ ಭಾಗ 2' (1990) ಚಿತ್ರಗಳು ಬಂದವು. ನಿಜಜೀವನದ ಪೊಲೀಸ್ ಅಧಿಕಾರಿಯೊಬ್ಬರ ಹೆಸರನ್ನು ಮನೆಮಾತಾಗಿಸಿದ ಕೀರ್ತಿ ಇವುಗಳದು.

ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಇಂದು ಕುಳಿತು ನೋಡಲಾಗುವಂಥವಲ್ಲ ಎಂಬುದನ್ನು ಅಭಿಮಾನವನ್ನು ಬದಿಗಿಟ್ಟು ಒಪ್ಪಬೇಕು. ಒಂದೇ ವರ್ಷದಲ್ಲಿ ಹಲವು ಚಿತ್ರಗಳು, ಒಂದರ ನೆರಳಿನಂಥ ಇನ್ನೊಂದು ಕತೆ. ಹಾಗಾದರೆ ಏಕೆ ಒಪ್ಪಿಕೊಂಡರು? ಬ್ಯಾಂಕಿನವರಾದ ನಮಗೆ ಇದು ಜಮಾ-ಖರ್ಚಿನ ಲೆಕ್ಕದಂತೆ ಕಾಣುತ್ತದೆ. ಜನಪ್ರಿಯ ಚಿತ್ರಗಳು ಜಮೆಯ ಬದಿ. ನಾಟಕ ತಂಡ, ಸ್ವಂತ ಚಿತ್ರಗಳು, ಬೆಂಗಳೂರಿನಲ್ಲಿ ಕಟ್ಟಿದ 'ಸಂಕೇತ್' ಧ್ವನಿಮುದ್ರಣ ಕೇಂದ್ರ, ಇನ್ನೂ ಹತ್ತಾರು ಯೋಜನೆಗಳು ಖರ್ಚಿನ ಬದಿ. ಖರ್ಚಿನ ಪುಟವನ್ನು ತೆರೆದು ನೋಡಿದರೆ ಮನುಷ್ಯನ ಆಸೆ ಏನಿತ್ತೆಂಬುದು ತಿಳಿಯುತ್ತದೆ.

ನಿರ್ದೇಶಕರಾಗಿ ಅವರ ಮೊದಲ ಚಿತ್ರ 'ಮಿಂಚಿನ ಓಟ' (1980). ಕಾರು ಕದಿಯುವ ಮೂವರು, ಅವರ ಸೆರೆವಾಸ, ಸೆರೆಯಿಂದ ಪಾರಾಗುವ ಹವಣಿಕೆ: ಇಷ್ಟನ್ನೇ ಇಟ್ಟುಕೊಂಡು, ಅನಂತ್ ನಾಗ್, ಲೋಕನಾಥ್ ಅವರೊಡನೆ ತಾವೂ ಅಭಿನಯಿಸಿ, ಆ ಕಾಲದ ಕನ್ನಡಕ್ಕೆ ಅಪರೂಪವಾದ ಬಿಗಿಯಲ್ಲಿ ಹೇಳಿದರು. ರಾಜ್ಯ ಸರ್ಕಾರದ ಹಲವು ಪ್ರಶಸ್ತಿಗಳು ಅದಕ್ಕೆ ಬಂದವು. ಇಳಯರಾಜಾ ಸಂಗೀತದ 'ಜನ್ಮ ಜನ್ಮದ ಅನುಬಂಧ' (1980), 'ಗೀತಾ' (1981) ಚಿತ್ರಗಳ ಹಾಡುಗಳನ್ನು ನಮ್ಮ ತಲೆಮಾರಿನವರು ಇನ್ನೂ ಗುನುಗುತ್ತಾರೆ.

ಇವೆಲ್ಲಕ್ಕಿಂತ ಗಟ್ಟಿಯಾದದ್ದು 'ಆಕ್ಸಿಡೆಂಟ್'. ಪ್ರಭಾವಿ ರಾಜಕಾರಣಿಯ ಮಗ ಅಮಲಿನಲ್ಲಿ ಕಾರು ಚಲಾಯಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಅದನ್ನು ಮುಚ್ಚಿಹಾಕಲು ಅಧಿಕಾರದ ಯಂತ್ರವೆಲ್ಲ ಸಜ್ಜಾಗುತ್ತದೆ. ಪತ್ರಕರ್ತನೊಬ್ಬ ಬೆನ್ನು ಹತ್ತುತ್ತಾನೆ. ಸಾಮಾಜಿಕ ಸಮಸ್ಯೆಗಳ ಕುರಿತ ಅತ್ಯುತ್ತಮ ಚಿತ್ರವೆಂದು 1984ರ ಸಾಲಿನ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ರಸ್ತೆಬದಿಯಲ್ಲಿ ಮಲಗುವವರ ಪಕ್ಕದಲ್ಲೇ ದಿನವೂ ನಡೆದುಹೋಗುವ ಮುಂಬಯಿ ಪ್ರದೇಶದ ಓದುಗರು ಈ ಚಿತ್ರವನ್ನು ಹುಡುಕಿ ನೋಡಬೇಕೆಂದು ನಾವು ಶಿಫಾರಸು ಮಾಡುತ್ತೇವೆ. 1987ರಲ್ಲಿ ಡಾ. ರಾಜಕುಮಾರ್ ಅವರನ್ನು ನಾಯಕರನ್ನಾಗಿಸಿ 'ಒಂದು ಮುತ್ತಿನ ಕಥೆ' ನಿರ್ದೇಶಿಸಿದರು. ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಅವರ 'ದಿ ಪರ್ಲ್' ಕಾದಂಬರಿಯ ಜಾಡಿನಲ್ಲಿ ಸಾಗುವ, ನೀರಿನಾಳದ ದೃಶ್ಯಗಳಿರುವ ಆ ಚಿತ್ರದಲ್ಲಿ ರಾಜಕುಮಾರರನ್ನು ಮುತ್ತು ಹೆಕ್ಕುವ ಬಡವನನ್ನಾಗಿ ನೋಡಲು ಅಭಿಮಾನಿಗಳು ಸಿದ್ಧರಿರಲಿಲ್ಲವೆಂದು ತೋರುತ್ತದೆ. ಆದರೂ ರಾಜಕುಮಾರರನ್ನು ಹಾಗೆ ಊಹಿಸುವ ಧೈರ್ಯ ಬೇರೆ ಯಾರಿಗಿತ್ತು?

ಆಗುಂಬೆಯ ಮಾಲ್ಗುಡಿ

ಆರ್. ಕೆ. ನಾರಾಯಣ್ ತಮ್ಮ ಕಾದಂಬರಿ 'ದಿ ಗೈಡ್' ಹಿಂದಿ ಚಿತ್ರವಾದ ಬಗೆಯನ್ನು ಮೆಚ್ಚಿರಲಿಲ್ಲ; ತಮ್ಮ ಪುಟ್ಟ ಊರನ್ನು ಅರಮನೆ ಮಹಲುಗಳ ನಾಡಾಗಿಸಿದರೆಂಬ ಬೇಸರವನ್ನು ಬರೆದೂ ಇಟ್ಟಿದ್ದರು. ಅಂಥ ಲೇಖಕರ ಕತೆಗಳನ್ನು ದೂರದರ್ಶನಕ್ಕೆ ಅಳವಡಿಸುವ ಹೊಣೆ, ನಿರ್ಮಾಪಕ ಟಿ. ಎಸ್. ನರಸಿಂಹನ್ ಅವರ ಮೂಲಕ ಶಂಕರ್ ನಾಗ್ ಅವರಿಗೆ ಬಂತು. ಇಲ್ಲದ ಊರಾದ ಮಾಲ್ಗುಡಿಗೆ ಅವರು ಆರಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲೂಕಿನ ಆಗುಂಬೆಯನ್ನು. ಎಡೆಬಿಡದೆ ಮಳೆ ಸುರಿಯುವ ಆ ಊರಿನ ದೊಡ್ಡಮನೆಯ ಜಗಲಿ, ಹೆಂಚಿನ ಮಾಡುಗಳು, ಒಂದೇ ಒಂದು ಪೇಟೆಬೀದಿ ಧಾರಾವಾಹಿಯ ಪಾತ್ರಗಳೇ ಆದವು. ಕಲಾ ನಿರ್ದೇಶನ ಜಾನ್ ದೇವರಾಜ್ ಅವರದು, ಸಂಗೀತ ಎಲ್. ವೈದ್ಯನಾಥನ್ ಅವರದು, ಶೀರ್ಷಿಕೆಯ ರೇಖಾಚಿತ್ರಗಳು ಲೇಖಕರ ತಮ್ಮ ಆರ್. ಕೆ. ಲಕ್ಷ್ಮಣ್ ಅವರವು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ.

ಹಿಂದಿ ಹಾಗೂ ಇಂಗ್ಲಿಷಿನಲ್ಲಿ ತಯಾರಾದ 39 ಕಂತುಗಳು 1986-87ರ ಹೊತ್ತಿಗೆ ಪ್ರಸಾರವಾದವು. ಆಗ ನಾವು ಡೊಂಬಿವಲಿಯ ಚಾಳಿನಲ್ಲಿದ್ದ ಕಾಲೇಜು ಹುಡುಗರು. ಪಕ್ಕದ ಮನೆಯ ಮರಾಠಿ ಕುಟುಂಬದವರು ಸ್ವಾಮಿಯನ್ನು ತಮ್ಮ ಕೊಂಕಣದ ಊರಿನ ಹುಡುಗನೆಂದೇ ಭಾವಿಸಿ ನೋಡುತ್ತಿದ್ದರು. ತೆರೆಯ ಮೇಲೆ ಹೆಸರುಗಳು ಸರಿದಾಗ ನಮ್ಮ ತಾಯಿಯವರು ಒಂದೊಂದಾಗಿ ಕನ್ನಡಿಗರ ಹೆಸರನ್ನು ಎಣಿಸುತ್ತಿದ್ದುದು ನೆನಪಿದೆ. ಕಾರ್ನಾಡ್, ಅನಂತ್ ನಾಗ್, ವಿಷ್ಣುವರ್ಧನ್, ಅರುಂಧತಿ ಎಂದು ಬೆರಳು ಮಡಚುತ್ತ ಹೋದರೆ ಕೈ ಸಾಲುತ್ತಿರಲಿಲ್ಲ. ಬೆಂಗಳೂರಿನ ನಾಟಕ ತಂಡಗಳ ನಟರೇ ಸಣ್ಣಪುಟ್ಟ ಪಾತ್ರಗಳಲ್ಲೂ ತುಂಬಿದ್ದರು. ಹಿಂದಿ ಧಾರಾವಾಹಿಗೆ ಮುಂಬಯಿಯ ನಟರೇ ಬೇಕೆಂಬ ಕಟ್ಟುಪಾಡನ್ನು, ಮುಂಬಯಿಯಿಂದಲೇ ಹೋದ ನಿರ್ದೇಶಕ ಮುರಿದದ್ದು ವಿಶೇಷ. ಮುಂದೆ 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಇನ್ನೂ 15 ಕಂತುಗಳು ಸೇರಿದವು. ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು ರೈಲ್ವೆ ಇಲಾಖೆ ಈಚಿನ ವರ್ಷಗಳಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿಸಿದೆ.

ಸಂಕೇತ್ ತಂಡ

ಈಗ ಮುಖ್ಯ ವಿಷಯಕ್ಕೆ ಬರೋಣ. ಚಿತ್ರಗಳ ಗಡಿಬಿಡಿಯಲ್ಲೂ ಶಂಕರ್ ಮತ್ತು ಅರುಂಧತಿ ನಾಗ್ ಬೆಂಗಳೂರಿನಲ್ಲಿ 'ಸಂಕೇತ್' ನಾಟಕ ತಂಡವನ್ನು ಕಟ್ಟಿ ನಡೆಸಿದರು. ಮೊದಲು ಕೈಗೆತ್ತಿಕೊಂಡದ್ದು ಕಾರ್ನಾಡರ 'ಅಂಜುಮಲ್ಲಿಗೆ'. ಇಂಗ್ಲೆಂಡಿನಲ್ಲಿರುವ ಭಾರತೀಯ ಅಣ್ಣ-ತಂಗಿಯರ ಕತ್ತಲ ಮೂಲೆಗಳನ್ನು ತಡವುವ ಆ ನಾಟಕವನ್ನು ಜನಪ್ರಿಯ ಸಿನಿಮಾ ನಾಯಕನೊಬ್ಬ ಆಡಿಸಲು ಹೊರಟದ್ದೇ ಸಾಹಸ. ಬಳಿಕ 'ಬ್ಯಾರಿಸ್ಟರ್', 'ಸಂಧ್ಯಾಛಾಯಾ' ಬಂದವು. ಇವೆರಡೂ ಮರಾಠಿಯ ಜಯವಂತ ದಳವಿಯವರವು. ಮುಂಬಯಿಯ ಮಂಚದಲ್ಲಿ ಮನೆಮಾತಾಗಿದ್ದ ನಾಟಕಗಳನ್ನು ಕನ್ನಡದ ಪ್ರೇಕ್ಷಕರೆದುರು ನಿಲ್ಲಿಸಿದ್ದು ಸಂಕೇತ್. ನಗೆನಾಟಕಗಳಾದ 'ನೋಡಿ ಸ್ವಾಮಿ ನಾವಿರೋದು ಹೀಗೆ', 'ಆಟ ಬೊಂಬಾಟ' ಕೂಡ ತಂಡದ ಪಟ್ಟಿಯಲ್ಲಿವೆ. ಮೊದಲನೆಯದು ಅವರದೇ ನಿರ್ದೇಶನದಲ್ಲಿ ಚಲನಚಿತ್ರವೂ ಆಯಿತು. ಕೊನೆಯಲ್ಲಿ ಕಾರ್ನಾಡರ 'ನಾಗಮಂಡಲ'ವನ್ನು ಸುರೇಂದ್ರನಾಥ್ ಅವರೊಂದಿಗೆ ಕೂಡಿ ನಿರ್ದೇಶಿಸಿದರು. ರಮೇಶ್ ಭಟ್ ಮೊದಲಾದ ಗೆಳೆಯರು ಈ ಎಲ್ಲ ಸಾಹಸಗಳಲ್ಲಿ ಜೊತೆಗಿದ್ದರು.

'ಸಂಧ್ಯಾಛಾಯಾ' ಕುರಿತು ಒಂದು ಮಾತು ಹೆಚ್ಚು ಹೇಳಲು ಓದುಗರು ಅನುಮತಿಸಬೇಕು. ವಿದೇಶದಲ್ಲಿ ನೆಲೆಸಿದ ಮಗನ ಪತ್ರಕ್ಕಾಗಿ, ಯಾರಾದರೂ ಬಾಗಿಲು ತಟ್ಟುವರೇ ಎಂಬುದಕ್ಕಾಗಿ ಕಾಯುವ ವೃದ್ಧ ದಂಪತಿಗಳ ನಾಟಕವದು. ತಪ್ಪು ಸಂಖ್ಯೆಗೆ ಬಂದ ದೂರವಾಣಿ ಕರೆಯೂ ಅವರಿಗೆ ಹಬ್ಬ. ಎಪ್ಪತ್ತರ ದಶಕದ ಮರಾಠಿ ಮಧ್ಯಮ ವರ್ಗಕ್ಕಾಗಿ ಬರೆದದ್ದು ಇಂದು ಬೇಲಾಪುರ, ಖಾರಘರಗಳ ನಮ್ಮ ಕನ್ನಡ ಮನೆಗಳ ಕತೆಯಾಗಿದೆ. ಮಕ್ಕಳು ನ್ಯೂಜೆರ್ಸಿಯಲ್ಲೋ ಸಿಂಗಪುರದಲ್ಲೋ ಇದ್ದು, ಮೂರು ಕೋಣೆಗಳ ಮನೆಯಲ್ಲಿ ಇಬ್ಬರೇ ಉಳಿದವರು ನಮ್ಮ ಓದುಗರಲ್ಲಿ ಎಷ್ಟು ಮಂದಿಯೆಂಬುದನ್ನು ನಾವು ಬಲ್ಲೆವು. ಇಪ್ಪತ್ತರ ಹರೆಯ ದಾಟಿದ್ದಷ್ಟೇ, ಕರಾಟೆಯ ಚಿತ್ರಗಳಲ್ಲಿ ಮುಳುಗಿದ್ದ ನಟನೊಬ್ಬ ಮುದುಕರ ಏಕಾಂತವನ್ನು ನಾಟಕವಾಗಿ ಆರಿಸಿಕೊಂಡದ್ದೇಕೆ ಎಂದು ಯೋಚಿಸಿದಾಗೆಲ್ಲ ಆಟೊ ರಾಜನ ಚಿತ್ರ ನಮ್ಮ ಮನಸ್ಸಿನಲ್ಲಿ ತುಸು ಬದಲಾಗುತ್ತದೆ.

ಇಷ್ಟರ ನಡುವೆ ರಾಮಕೃಷ್ಣ ಹೆಗಡೆಯವರ ಪರವಾಗಿ ಅಣ್ಣನೊಡನೆ ಚುನಾವಣಾ ಪ್ರಚಾರ, ಬೆಂಗಳೂರಿನ ಹೊರವಲಯದಲ್ಲಿ ಕ್ಲಬ್ಬಿನ ಉದ್ಯಮ. ಬೆಂಗಳೂರಿಗೆ ಮೆಟ್ರೊ ರೈಲು ಬೇಕೆಂದು ಅಂದೇ ಕನಸು ಕಂಡಿದ್ದರೆಂಬ ಮಾತೂ ಜನಜನಿತವಾಗಿದೆ. ಅಕಾಲದಲ್ಲಿ ಹೋದವರ ಸುತ್ತ ಕತೆಗಳು ಬೆಳೆಯುತ್ತವೆ. ಎಲ್ಲವನ್ನೂ ತೂಗಿ ನೋಡುವ ಗೊಡವೆಗೆ ನಾವು ಹೋಗುವುದಿಲ್ಲ. ತಮಗೆಂದೇ ಒಂದು ರಂಗಮಂದಿರ ಬೇಕೆಂಬ ಆಸೆ ಮಾತ್ರ ಕತೆಯಲ್ಲ. ನಾಟಕದವರೇ ನಡೆಸುವ, ನಾಟಕಕ್ಕೆಂದೇ ಇರುವ, ಬಾಡಿಗೆ ಕೈಗೆಟುಕುವ ಸಣ್ಣ ಮಂದಿರ. ಅಂಥದೊಂದು ಮಾದರಿ ನಮ್ಮ ಮುಂಬಯಿಯಲ್ಲೇ ಇತ್ತು: ಶಶಿ ಕಪೂರ್ ಹಾಗೂ ಜೆನಿಫರ್ ದಂಪತಿಗಳು 1978ರ ನವೆಂಬರಿನಲ್ಲಿ ಜುಹುವಿನಲ್ಲಿ ತೆರೆದ ಪೃಥ್ವಿ ಥಿಯೇಟರ್.

1990ರ ಸೆಪ್ಟೆಂಬರ್ 30

ಅಂದು ಭಾನುವಾರ. ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ 'ಜೋಕುಮಾರಸ್ವಾಮಿ' ಚಿತ್ರದ ಕೆಲಸಕ್ಕೆಂದು ಶಂಕರ್ ನಾಗ್ ಪತ್ನಿ ಹಾಗೂ ಪುಟ್ಟ ಮಗಳು ಕಾವ್ಯಳೊಂದಿಗೆ ಬೆಂಗಳೂರಿನಿಂದ ಉತ್ತರ ಕರ್ನಾಟಕದತ್ತ ಕಾರಿನಲ್ಲಿ ಹೊರಟಿದ್ದರು. ದಾವಣಗೆರೆಯ ಹೊರವಲಯದ ಆನಗೋಡಿನ ಬಳಿ ಹೆದ್ದಾರಿಯಲ್ಲಿ ಸಂಭವಿಸಿದ ಅಪಘಾತದಲ್ಲಿ ಅವರು ಅಸುನೀಗಿದರು. ಅರುಂಧತಿ ತೀವ್ರವಾಗಿ ಗಾಯಗೊಂಡರು. ತಾಯಿ ಮಗಳು ಬದುಕುಳಿದರು.

ನಾವು ಬ್ಯಾಂಕಿಗೆ ಸೇರಿ ಹೆಚ್ಚು ದಿನಗಳಾಗಿರಲಿಲ್ಲ. ಸೆಪ್ಟೆಂಬರ್ 30 ಅರ್ಧವಾರ್ಷಿಕ ಲೆಕ್ಕ ಮುಕ್ತಾಯದ ದಿನವಾದ್ದರಿಂದ ಸೋಮವಾರ ಲೆಡ್ಜರುಗಳ ಬಡ್ಡಿ ಲೆಕ್ಕದಲ್ಲಿ ಮುಳುಗಿದ್ದೆವು. ಹುಬ್ಬಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ಎಸ್‌ಟಿಡಿ ಬೂತಿನಿಂದ ಮನೆಗೆ ಮಾತನಾಡಿ ಬಂದು ಸುದ್ದಿ ತಿಳಿಸಿದರು. ಶಾಖೆಯಲ್ಲಿದ್ದ ಕನ್ನಡಿಗರು ನಾಲ್ವರು. ಉಳಿದವರಿಗೆ ಹೆಸರು ಹೇಳಿದರೆ ತಿಳಿಯಲಿಲ್ಲ. 'ಮಾಲ್ಗುಡಿ ಡೇಸ್' ಮಾಡಿದವರು ಎಂದೊಡನೆ ಹಿರಿಯ ಮರಾಠಿ ಕ್ಯಾಷಿಯರರೊಬ್ಬರು ನೋಟು ಎಣಿಸುವುದನ್ನು ನಿಲ್ಲಿಸಿದರು. ಆ ಬೇಸಿಗೆಯಲ್ಲಷ್ಟೇ ಸಾಂಗ್ಲಿಯಾನದ ಎರಡನೆಯ ಭಾಗದ ಮಾತಾಡಿದ್ದ ನಮಗೆ, ನಾವು ಕಳೆದುಕೊಂಡದ್ದು ಬೇರೊಬ್ಬ ಮನುಷ್ಯನನ್ನು ಎಂಬ ಅರಿವು ಅಂದೇ ಮೊದಲ ಬಾರಿಗೆ ಮೂಡಿತು.

ರಂಗಶಂಕರ

ಚೇತರಿಸಿಕೊಂಡ ಅರುಂಧತಿ ನಾಗ್ ರಂಗಭೂಮಿಗೆ ಮರಳಿದರು, ಜೊತೆಗೆ ರಂಗಮಂದಿರದ ಕೆಲಸವನ್ನು ಕೈಗೆತ್ತಿಕೊಂಡರು. ಸರ್ಕಾರದಿಂದ ದೊರೆತ ನಿವೇಶನದಲ್ಲಿ, ಸಂಕೇತ್ ಟ್ರಸ್ಟ್ ಮೂಲಕ, ವರ್ಷಗಟ್ಟಲೆ ಹಣ ಕೂಡಿಸಿ ಕಟ್ಟಿದ 'ರಂಗಶಂಕರ' ಬೆಂಗಳೂರಿನ ಜೆ. ಪಿ. ನಗರದಲ್ಲಿ 2004ರ ಅಕ್ಟೋಬರ್ 28ರಂದು ಬಾಗಿಲು ತೆರೆಯಿತು. ಶಂಕರ್ ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು. ಸುಮಾರು 320 ಆಸನಗಳ ಮಂದಿರದಲ್ಲಿ ನಾಟಕದ ಹೊರತು ಮದುವೆ, ಸನ್ಮಾನ, ಸಭೆಗಳಿಗೆ ಅವಕಾಶವಿಲ್ಲ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಯಾರೇ ಆಗಲಿ, ವೇಳೆಗೆ ಬಾಗಿಲು ಮುಚ್ಚುತ್ತದೆ. ಮುಂಬಯಿಯ ಮೂರನೆಯ ಗಂಟೆಯನ್ನು ಬಲ್ಲವರಿಗೆ ಈ ನಿಯಮದ ಮೂಲವನ್ನು ಬಿಡಿಸಿ ಹೇಳಬೇಕಿಲ್ಲ. ಅರುಂಧತಿಯವರಿಗೆ 2010ರಲ್ಲಿ ಪದ್ಮಶ್ರೀ ಲಭಿಸಿತು. 'ಪಾ' ಚಿತ್ರದ ಅಭಿನಯಕ್ಕೆ ಅತ್ಯುತ್ತಮ ಪೋಷಕ ನಟಿಯೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ಕೆಲವು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿದ್ದಾಗ, ಮಗಳನ್ನೂ ಕರೆದುಕೊಂಡು ರಂಗಶಂಕರಕ್ಕೆ ಹೋದೆವು. ಬನಶಂಕರಿಯಿಂದ ನಮ್ಮನ್ನು ಕರೆದೊಯ್ದ ಆಟೊದ ಗಾಜಿನ ಮೇಲೆ ಶಂಕರ್ ನಾಗ್ ಚಿತ್ರವಿತ್ತು. ಚಾಲಕರಿಗೆ ಮೂವತ್ತು ವರ್ಷವಿದ್ದಿರಬಹುದು. ಶಂಕರ್ ಬದುಕಿದ್ದಾಗ ಅವರು ಹುಟ್ಟಿರಲಿಲ್ಲ. 'ಶಂಕ್ರಣ್ಣನ ಥಿಯೇಟರಿಗಾ ಸಾರ್' ಎಂದು ಕೇಳಿದರು. ಒಳಗೆ ಎಂದಾದರೂ ನಾಟಕ ನೋಡಿದ್ದೀರಾ ಎಂದು ನಾವು ಕೇಳಿದೆವು. 'ಇಲ್ಲ ಸಾರ್, ಜನ ಬಿಡೋದಷ್ಟೇ' ಎಂದರು. ಆಟಕ್ಕೆ ಇನ್ನೂ ಅರ್ಧ ತಾಸಿತ್ತು. ಮಗಳು ಗಾಜಿನ ಮೇಲಿನ ಚಿತ್ರವನ್ನು ತೋರಿಸಿ, 'ಅಪ್ಪಾ, ಮಾಲ್ಗುಡಿ ಡೇಸ್ ಮಾಡಿದ್ದು ಇವರೇನಾ' ಎಂದು ಕನ್ನಡದಲ್ಲೇ ಕೇಳಿದಳು.